‘ನಿಮ್ಮ ಉಪನ್ಯಾಸಕರನ್ನು ಕೇಳಿ’

ಪಿಎಚ್‌ಡಿ ಶುರುವಾದಾಗಿನಿಂದ ನಾನು ಓದುತ್ತಿರುವುದು ವಿಶ್ವವಿದ್ಯಾಲಯಗಳ ಎಐ ನೀತಿಗಳನ್ನು. ಬ್ರಿಟನ್, ಆಸ್ಟ್ರೇಲಿಯಾ, ಹಾಂಗ್‌ಕಾಂಗ್, ಅಮೆರಿಕ, ಚೀನಾ, ಭಾರತ. ವಿದ್ಯಾರ್ಥಿಗಳು ಚಾಟ್‌ಜಿಪಿಟಿಯಂಥದ್ದನ್ನು ಎಲ್ಲಿ ಬಳಸಬಹುದು, ಎಲ್ಲಿ ಕೂಡದು, ಬಳಸಿದರೆ ಹೇಗೆ ತಿಳಿಸಬೇಕು, ತಿಳಿಸದೇ ಸಿಕ್ಕಿಬಿದ್ದರೆ ಏನಾಗುತ್ತದೆ. ಕೆಲವು ನೀತಿಗಳು ಎರಡು ಪುಟ, ಕೆಲವು ಮೂವತ್ತು ಪುಟ. ದೇಶ ಬೇರೆ, ಕಾನೂನು ಬೇರೆ, ಫೀಸು ಬೇರೆ. ಆದರೆ ಒಂದು ಸಾಲು ಮಾತ್ರ ಬೇರೆ ಬೇರೆ ರೂಪದಲ್ಲಿ ಎಲ್ಲ ಕಡೆ ಎದುರಾಗುತ್ತದೆ. ಸಂದೇಹ ಬಂದರೆ ನಿಮ್ಮ ಉಪನ್ಯಾಸಕರನ್ನು ಕೇಳಿ. ಮೊದಮೊದಲು ಇದನ್ನು ಓದಿ ಮುಂದೆ ಹೋಗುತ್ತಿದ್ದೆ. ಆಮೇಲೆ ಅದೇ ಕಾಡತೊಡಗಿತು. ಯಾರು ಈ ಉಪನ್ಯಾಸಕರು? ಅವರಿಗೆ ಎಷ್ಟು ವಿದ್ಯಾರ್ಥಿಗಳು? ಕೇಳಲು ಬಂದವರಿಗೆಲ್ಲ ಉತ್ತರ ಕೊಡಲು ಅವರಿಗೆ ಹೊತ್ತೆಲ್ಲಿದೆ?

ನೀತಿಗಳನ್ನು ಸಾಲು ಸಾಲಾಗಿ ಬಿಡಿಸಿ ಒಂದು ಎಕ್ಸೆಲ್ ಹಾಳೆಯಲ್ಲಿ ತುಂಬುವುದು ನನ್ನ ನಿತ್ಯದ ಕೆಲಸ. ಅದರಲ್ಲಿ ‘ಯಾರು ಮಾಡಬೇಕು’ ಅಂತ ಒಂದು ಕಾಲಂ ಇದೆ. ಅಲ್ಲಿ ಹೆಚ್ಚಾಗಿ ಬರುವುದು ಇಬ್ಬರೇ, ವಿದ್ಯಾರ್ಥಿ ಮತ್ತು ಪಾಠ ಮಾಡುವವರು. ವಿದ್ಯಾರ್ಥಿ ಪ್ರಾಮಾಣಿಕವಾಗಿರಬೇಕು. ಪಾಠ ಮಾಡುವವರು ನಿಯಮ ವಿವರಿಸಬೇಕು, ಅಸೈನ್‌ಮೆಂಟ್ ಬದಲಿಸಬೇಕು, ಅನುಮಾನ ಬಂದರೆ ಮಾತಾಡಿ ನೋಡಬೇಕು, ಹೊಸ ಹೊಸ ಟೂಲ್‌ಗಳನ್ನು ತಾವೂ ಕಲಿಯಬೇಕು. ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಸೇರಿಸಿದೆ: ‘ಇದಕ್ಕೆ ಸಮಯ ಎಲ್ಲಿಂದ’. ಅದು ಉದ್ದಕ್ಕೂ ಖಾಲಿ ಕಾಣುತ್ತದೆ. ನನ್ನ ಸಂಶೋಧನೆಯಲ್ಲಿ ನನಗೆ ಈಗ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತಿರುವುದು ಆ ಖಾಲಿ ಕಾಲಂ.

ಮೊದಲು ಬಂದದ್ದು ನಿಷೇಧ

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಪ್ಯಾರಿಸ್‌ನ ಸಿಯಾನ್ಸ್ ಪೋ ವಿಶ್ವವಿದ್ಯಾಲಯ, ಬಳಸಿದ್ದನ್ನು ಹೇಳದೇ ಬಳಸುವಂತಿಲ್ಲ ಎಂದು ಆದೇಶ ಹೊರಡಿಸಿತು. ಬೆಂಗಳೂರಿನ ಆರ್‌ವಿ ವಿಶ್ವವಿದ್ಯಾಲಯ ನಿರ್ಬಂಧ ಹಾಕಿದ ಸುದ್ದಿ ನಮ್ಮ ಪೇಪರ್‌ಗಳಲ್ಲಿ ಬಂದದ್ದೂ ಅದೇ 2023ರ ಜನವರಿಯಲ್ಲಿ. ಫೆಬ್ರವರಿಯಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯ ತಾತ್ಕಾಲಿಕವಾಗಿ ನಿಷೇಧಿಸಿತು. ಆ ಆದೇಶವನ್ನು ನಾನು ಹಲವು ಸಲ ಓದಿದ್ದೇನೆ. ಬಳಸಲೇಬೇಕು ಎಂದರೆ ಮೊದಲೇ ಉಪನ್ಯಾಸಕರ ಲಿಖಿತ ಒಪ್ಪಿಗೆ ಬೇಕು. ಅನುಮಾನ ಬಂದರೆ ಉಪನ್ಯಾಸಕರು ವಿದ್ಯಾರ್ಥಿಯನ್ನು ಕೂರಿಸಿಕೊಂಡು ಬರಹದ ಬಗ್ಗೆ ಮಾತಾಡಬಹುದು, ಮೌಖಿಕ ಪರೀಕ್ಷೆ ಮಾಡಬಹುದು, ಇನ್ನೊಂದು ಪರೀಕ್ಷೆ ಬರೆಸಬಹುದು. ಅಂದರೆ ನಿಷೇಧ ಹಾಕಿದ ದಿನವೇ ಅದರ ಪೂರ್ತಿ ಹೊರೆ ತರಗತಿಗೆ ಹೋಗುವವರ ಹೆಗಲಿಗೆ ಬಿತ್ತು. ಅದೇ ವರ್ಷ ಅಲ್ಲಿ ನಿಷೇಧ ಹೋಗಿ, ಎಐ ಬಳಸಿಯೇ ಕಲಿಯಿರಿ ಎನ್ನುವ ನೀತಿ ಬಂತು. ಜುಲೈನಲ್ಲಿ ಬ್ರಿಟನ್ನಿನ ಹೆಸರಾಂತ ಸಂಶೋಧನಾ ವಿಶ್ವವಿದ್ಯಾಲಯಗಳ ಕೂಟವಾದ ರಸೆಲ್ ಗ್ರೂಪ್‌ನ 24 ವಿಶ್ವವಿದ್ಯಾಲಯಗಳೂ ಐದು ತತ್ವಗಳನ್ನು ಒಪ್ಪಿಕೊಂಡವು. ನಿಷೇಧಕ್ಕಿಂತ ತಿಳಿವಳಿಕೆ ಮುಖ್ಯ, ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಎಐ ಬಳಸುವ ರೀತಿ ಕಲಿಸಬೇಕು ಎನ್ನುವುದು ಅವುಗಳ ಸಾರ. ಒಳ್ಳೆಯ ಮಾತೇ. ಆದರೆ ಕಲಿಸುವವರು ಯಾರು ಅಂದಾಗ ಮತ್ತೆ ಅದೇ ಉಪನ್ಯಾಸಕರು.

ಒಂದೊಂದು ದೇಶದ ಭಯ ಒಂದೊಂದು ಥರ ಇದ್ದದ್ದನ್ನು ನೋಡುವುದು ಈ ಓದಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮನೆಯಲ್ಲಿ ಕೂತು ಬರೆದು ಕಳಿಸುವ ಪ್ರಬಂಧಕ್ಕೆ ಅಂಕ ಜಾಸ್ತಿ. ಹಾಗಾಗಿ ಅಲ್ಲಿ ನೆಲವೇ ಅಲುಗಿತು. ಉನ್ನತ ಶಿಕ್ಷಣದ ಬಗ್ಗೆ ಅಧ್ಯಯನ ನಡೆಸುವ ಬ್ರಿಟನ್ನಿನ ಹೆಪಿ ಸಂಸ್ಥೆಯ ಸಮೀಕ್ಷೆಯಲ್ಲಿ 2024ರಲ್ಲಿ ಶೇ 53ರಷ್ಟು ವಿದ್ಯಾರ್ಥಿಗಳು ಅಂಕಕ್ಕೆ ಸಲ್ಲಿಸುವ ಕೆಲಸದಲ್ಲಿ ಎಐ ಬಳಸಿದ್ದೇವೆ ಎಂದಿದ್ದರು. ಮರುವರ್ಷ ಅದು ಶೇ 88. ಇಟಲಿಯಲ್ಲಿ ಎಷ್ಟೋ ಪರೀಕ್ಷೆಗಳು ಪ್ರಾಧ್ಯಾಪಕರ ಎದುರು ಕೂತು ಬಾಯಲ್ಲೇ ಉತ್ತರ ಹೇಳುವಂಥವು, ಅಲ್ಲಿ ಈ ಮಟ್ಟದ ಗಾಬರಿಗೆ ಕಾರಣವಿಲ್ಲ. ನಮ್ಮಲ್ಲಿ ಮೂರು ಗಂಟೆ ಹಾಲ್‌ನಲ್ಲಿ ಕೂತು ಕೈಯಲ್ಲಿ ಬರೆಯುವ ಸೆಮಿಸ್ಟರ್ ಪರೀಕ್ಷೆ ಇನ್ನೂ ಗಟ್ಟಿಯಾಗಿದೆ. ಅದರಲ್ಲಿ ಬಾಯಿಪಾಠದ ಸಮಸ್ಯೆ ಇದೆ, ಸರಿ, ಆದರೆ ಎಐ ಅದನ್ನು ಮುಟ್ಟಿಲ್ಲ. ನಮ್ಮಲ್ಲಿ ಅಲುಗಿದ್ದು ಇಂಟರ್ನಲ್ ಅಂಕದ ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್, ಪಿಎಚ್‌ಡಿ ಪ್ರಬಂಧ. ಇದನ್ನು ಗಮನಿಸದೇ ಹೊರಗಿನ ನೀತಿಯನ್ನು ಹಾಗೇ ಎತ್ತಿ ತಂದರೆ ನಮ್ಮ ಕಾಲೇಜಿಗೆ ಅದು ಎಲ್ಲೂ ತಾಕುವುದಿಲ್ಲ.

‘ಎಷ್ಟು ಪರ್ಸೆಂಟ್ ಬಂತು?’

ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಥೀಸಿಸ್ ಸಲ್ಲಿಸುವ ಹೊತ್ತಿಗೆ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಇದು. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಬೇರೆ ಬರಹಗಳ ಜತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40, 40ರಿಂದ 60, ಅದಕ್ಕೂ ಮೇಲೆ ಅಂತ ಹಂತಹಂತವಾಗಿ ಶಿಕ್ಷೆ. 2018ರಲ್ಲಿ ಎಐ ಬರೆದುಕೊಡುವ ಮಾತೇ ಇರಲಿಲ್ಲ. ಆದರೆ ಪರ್ಸೆಂಟ್ ನೋಡುವ ಅಭ್ಯಾಸ ನಮಗೆ ಆಗಲೇ ಆಗಿಹೋಗಿತ್ತು. ಈಗ ಅದೇ ಅಭ್ಯಾಸದಲ್ಲಿ ಎಐ ಪರ್ಸೆಂಟನ್ನೂ ನೋಡುತ್ತಿದ್ದೇವೆ. ಇವೆರಡೂ ಒಂದೇ ಅಲ್ಲ. ಹೋಲಿಕೆಯ ವರದಿ, ಈ ಸಾಲು ಇಂಥ ಲೇಖನದಲ್ಲಿದೆ ಅಂತ ಲಿಂಕ್ ಸಮೇತ ತೋರಿಸುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಯಾರು ಬೇಕಾದರೂ ನೋಡಬಹುದು. ಎಐ ಪತ್ತೆ ಮಾಡುವ ಸಾಫ್ಟ್‌ವೇರ್ ಹಾಗೆ ಏನನ್ನೂ ತೋರಿಸುವುದಿಲ್ಲ. ಒಂದು ಅಂಕಿ ಕೊಡುತ್ತದೆ, ಕೆಲವು ಪ್ಯಾರಾಗಳಿಗೆ ಬಣ್ಣ ಬಳಿಯುತ್ತದೆ, ಅಷ್ಟೆ. ವಿದ್ಯಾರ್ಥಿ ಅದನ್ನು ಸುಳ್ಳು ಅಂತ ತೋರಿಸುವುದಾದರೂ ಹೇಗೆ?

ಚೀನಾದ ಕೆಲವು ವಿಶ್ವವಿದ್ಯಾಲಯಗಳು ಪದವಿ ಪ್ರಬಂಧಕ್ಕೆ ಎಐ ಪ್ರಮಾಣದ ಮಿತಿ ಹಾಕಿದವು. ಬೆನ್ನಿಗೇ ದುಡ್ಡು ತಗೊಂಡು ಆ ಪ್ರಮಾಣ ಇಳಿಸಿಕೊಡುವ ಸೇವೆಗಳು ಹುಟ್ಟಿಕೊಂಡವು. ತಾವೇ ಬರೆದ ಚೆಂದದ ವಾಕ್ಯಗಳನ್ನು ಮಕ್ಕಳು ಬೇಕಂತಲೇ ಕೆಡಿಸಿ ಬರೆಯುವ ಸ್ಥಿತಿ ಬಂತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಇನ್ನೊಂದು ದಾರಿ ಹಿಡಿಯಿತು. ಕೃತಿಚೌರ್ಯ ಪತ್ತೆಯ ಸಾಫ್ಟ್‌ವೇರ್ ಮಾರುವ ಟರ್ನಿಟಿನ್ ಕಂಪನಿ 2023ರ ಏಪ್ರಿಲ್‌ನಲ್ಲಿ ಎಐ ಪತ್ತೆಯ ಸೌಲಭ್ಯ ಕೊಟ್ಟಾಗ, ತಪ್ಪಾಗುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ ಎಂದಿತ್ತು. ವ್ಯಾಂಡರ್‌ಬಿಲ್ಟ್‌ನವರು ಸರಳ ಲೆಕ್ಕ ಹಾಕಿದರು. 2022ರಲ್ಲಿ ತಮ್ಮಲ್ಲಿ ಸಲ್ಲಿಕೆಯಾದ ಬರಹಗಳು 75,000. ಶೇ 1 ಅಂದರೂ 750 ಬರಹಗಳ ಮೇಲೆ ಸುಳ್ಳು ಆರೋಪ. ಆಗಸ್ಟ್‌ನಲ್ಲಿ ಆ ಸೌಲಭ್ಯವನ್ನೇ ಆಫ್ ಮಾಡಿದರು. ಅದಕ್ಕೂ ಒಂದು ತಿಂಗಳು ಮೊದಲು, ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕೂಡ ನಿಖರತೆ ಸಾಲದು ಅಂತ ತನ್ನದೇ ಪತ್ತೆ ಸಾಧನವನ್ನು ಹಿಂದಕ್ಕೆ ಪಡೆದಿತ್ತು.

ಈ ಸುಳ್ಳು ಆರೋಪ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಏಳು ಪತ್ತೆ ಸಾಧನಗಳಿಗೆ ಟೋಫೆಲ್ ಎನ್ನುವ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಎಲ್ಲವೂ ಇಂಗ್ಲಿಷ್ ಮನೆಮಾತಲ್ಲದವರು ಬರೆದವು. ಸರಾಸರಿ ಶೇ 61ರಷ್ಟನ್ನು ಯಂತ್ರ ಬರೆದದ್ದು ಎಂದುಬಿಟ್ಟವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳಲ್ಲಿ ಮಾತ್ರ ಅಂಥ ತಪ್ಪು ತೀರಾ ಕಡಿಮೆ. ಕಾರಣ ಗೊತ್ತಿರುವಂಥದ್ದೇ. ಮುಂದಿನ ಪದ ಯಾವುದು ಬರಬಹುದು ಅಂತ ಸುಲಭವಾಗಿ ಊಹಿಸುವಂತಿದ್ದರೆ, ಇದು ಯಂತ್ರದ್ದು ಅನ್ನುವ ಲೆಕ್ಕ ಈ ಸಾಧನಗಳದ್ದು. ಎರಡನೇ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಪದ, ಕಲಿತಿರುವ ವಾಕ್ಯದ ಅಚ್ಚು ಬಿಟ್ಟು ಆಚೆ ಹೋಗುವುದು ಕಡಿಮೆ. ಕನ್ನಡ ಮೀಡಿಯಂನಲ್ಲಿ ಓದಿದ ನಾವೆಲ್ಲ ಇಂಗ್ಲಿಷ್ ಪ್ರಬಂಧ ಕಲಿತದ್ದೇ ಗೈಡ್ ನೋಡಿಕೊಂಡು ಅಲ್ವಾ? ಶುರುವಿನ ವಾಕ್ಯ ಹೀಗಿರಬೇಕು, ಕೊನೆಯದು ಹೀಗೆ. ತಪ್ಪಿಲ್ಲದೇ ಬರೆಯಲು ನಾವು ಕಂಡುಕೊಂಡ ದಾರಿಯೇ ಆ ಸಾಧನದ ಕಣ್ಣಿಗೆ ಕಳ್ಳತನದ ಗುರುತು.

ಬಣ್ಣ ಬಳಿದ ಪ್ಯಾರಾ

ಒಬ್ಬ ಹುಡುಗಿಯ ಮೇಲೂ ಇಂಥದ್ದೇ ಆರೋಪ ಬಂದಿತ್ತು. ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. ಚಿತ್ರದುರ್ಗದ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹೊರದೇಶದಲ್ಲಿ ನಾನಿರುವ ಊರಿನ ಒಂದು ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಳು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯ. ಒಂದು ರಾತ್ರಿ ಫೋನ್ ಮಾಡಿದಳು. ‘ಅಕ್ಕಾ, ಒಂದು ಮೇಲ್ ಬಂದಿದೆ. ಪ್ರಬಂಧ ನಾನು ಬರೆದದ್ದಲ್ಲ ಅಂತಿದಾರೆ. ವೀಸಾಗೆ ಏನಾದ್ರೂ ತೊಂದ್ರೆ ಆಗತ್ತಾ? ಮನೇಲಿ ಹೇಳಿಲ್ಲ.’ ಎಜುಕೇಶನ್ ಲೋನ್ ತೆಗೆದು ಬಂದವಳು. ಅವಳ ಗಂಟಲು ಕಟ್ಟಿದ್ದು ಫೋನಿನಲ್ಲೂ ಗೊತ್ತಾಗುತ್ತಿತ್ತು. ವಿಚಾರಣೆಗೆ ಜತೆಗೊಬ್ಬರನ್ನು ಕರೆದುಕೊಂಡು ಬರಬಹುದು ಅಂತಿತ್ತು. ನಾನು ಹೋದೆ.

ಸಣ್ಣ ಕೋಣೆ. ಮೇಜಿನ ಆ ಕಡೆ ಮೂವರು. ಮಧ್ಯದಲ್ಲಿ ಅವಳ ಪ್ರಬಂಧದ ಪ್ರಿಂಟ್, ಅರ್ಧದಷ್ಟು ಪ್ಯಾರಾಗಳಿಗೆ ತಿಳಿ ನೀಲಿ ಬಣ್ಣ. ಅವಳು ಬ್ಯಾಗಿನಿಂದ ಒಂದು ಲಾಂಗ್ ನೋಟ್‌ಬುಕ್ ತೆಗೆದಳು. ಊರಿಂದ ತಂದದ್ದು, ಮೂಲೆಗಳು ಮಡಚಿದ್ದವು. ಪುಟದ ತುಂಬಾ ಕನ್ನಡ, ನಡುನಡುವೆ ಇಂಗ್ಲಿಷ್ ಪದ, ಬಾಣದ ಗುರುತು, ಕಾಟು ಹೊಡೆದ ಸಾಲು. ಅವಳು ಮೊದಲು ಯೋಚಿಸಿ ಬರೆದಿಡುವುದು ಕನ್ನಡದಲ್ಲಿ. ಮೂವರೂ ಪುಟ ತಿರುವಿದರು. ಅವರಿಗೆ ಓದಲು ಬರುವುದಿಲ್ಲವಲ್ಲ. ಒಬ್ಬರು ಬಹಳ ಸೌಮ್ಯವಾಗಿ, ನೀಲಿ ಪ್ಯಾರಾ ಒಂದರ ಮೇಲೆ ಬೆರಳಿಟ್ಟು, ಇದರಲ್ಲಿ ಏನು ಹೇಳಿದ್ದೀಯ ಅಂತ ಕೇಳಿದರು.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಶುರು ಮಾಡಿದಳು. ಅವಳ ಅಮ್ಮ ಆಶಾ ಕಾರ್ಯಕರ್ತೆ. ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡಲು ಮನೆಮನೆಗೆ ಹೋಗುವಾಗ ಇವಳೂ ಎಷ್ಟೋ ಸಲ ಹೋಗಿದ್ದಾಳೆ. ಮಾತ್ರೆ ಈಸಿಕೊಳ್ಳುತ್ತಾರೆ, ನುಂಗುವುದಿಲ್ಲ. ಹೊಟ್ಟೆ ತೊಳಸುತ್ತದೆ. ಮಲ ಕಪ್ಪಗಾದರೆ ಹೆದರುತ್ತಾರೆ. ಮಗು ಕಪ್ಪಾಗುತ್ತದೆ, ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತದೆ ಅಂತ ಅತ್ತೆಯಂದಿರು ಬೇಡ ಅನ್ನುತ್ತಾರೆ. ರಿಜಿಸ್ಟರ್‌ನಲ್ಲಿ ಮಾತ್ರೆ ಕೊಟ್ಟದ್ದಕ್ಕೆ ಲೆಕ್ಕ ಇದೆ, ನುಂಗಿದ್ದಕ್ಕೆ ಇಲ್ಲ. ಅವಳ ಪ್ರಬಂಧ ಅದರ ಬಗ್ಗೆಯೇ. ಇಂಗ್ಲಿಷ್ ತಡವರಿಸುತ್ತಿತ್ತು, ಹೇಳುವ ವಿಷಯ ತಡವರಿಸಲಿಲ್ಲ. ಆ ಮೂವರು ನೋಟ್ಸ್ ಮಾಡಿಕೊಳ್ಳುವುದನ್ನು ಬಿಟ್ಟು ಕೇಳತೊಡಗಿದರು. ಕೊನೆಕೊನೆಗೆ ಅವರ ಪ್ರಶ್ನೆಗಳು ವಿಚಾರಣೆಯ ಪ್ರಶ್ನೆಗಳಾಗಿರಲೇ ಇಲ್ಲ, ವಿಷಯ ತಿಳಿಯುವ ಆಸೆಯವು. ಕೆಲವು ವಾರ ಬಿಟ್ಟು ಕೇಸ್ ಕೈಬಿಟ್ಟ ಪತ್ರ ಬಂತು. ಅಷ್ಟು ದಿನವೂ ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

ಅವಳು ನಿರ್ದೋಷಿ ಎಂದು ತೋರಿಸಿದ್ದು ಹತ್ತೋ ಹದಿನೈದೋ ನಿಮಿಷದ ಮಾತುಕತೆ. ಅದನ್ನು ಅವಳ ಟ್ಯೂಟರ್ ಮೊದಲೇ ಮಾಡಬಹುದಿತ್ತು. ಯಾಕೆ ಮಾಡಲಿಲ್ಲ ಎನ್ನುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ನಾನೂ ಅದೇ ಕೆಲಸ ಮಾಡುತ್ತೇನೆ. ಇಲ್ಲಿ ಪ್ರಬಂಧಗಳನ್ನು ತಿದ್ದುವವರಲ್ಲಿ ಬಹಳ ಜನ ಗಂಟೆ ಲೆಕ್ಕದ ತಾತ್ಕಾಲಿಕ ಟ್ಯೂಟರ್‌ಗಳು. ಗಂಟೆಗೆ ಇಂತಿಷ್ಟು ಪದ ಓದಿ ಮುಗಿಸಬೇಕು, ಹೆಚ್ಚು ಹೊತ್ತು ಹಿಡಿದರೆ ಅದಕ್ಕೆ ಸಂಬಳವಿಲ್ಲ ಎನ್ನುವಂಥ ಮಾಪನಗಳು ಇದ್ದವು. ಇದು ದೊಡ್ಡ ವಿವಾದವೇ ಆಯಿತು. 2024ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯ 25,000ಕ್ಕೂ ಹೆಚ್ಚು ಸಿಬ್ಬಂದಿಗೆ ಬಾಕಿ ಸಂಬಳವಾಗಿ 7.2 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಅಲ್ಲಿನ ಸರ್ಕಾರಿ ಕಾರ್ಮಿಕ ಸಂಸ್ಥೆಯ ಜತೆ ಒಪ್ಪಂದ ಮಾಡಿಕೊಂಡಿತು. ನನ್ನ ಎಕ್ಸೆಲ್ ಹಾಳೆಯಲ್ಲಿರುವ ಎಐ ನೀತಿಗಳು ಈ ಕಡೆ ತಿರುಗಿಯೂ ನೋಡುವುದಿಲ್ಲ. ನೀತಿ ಬರೆಯುವ ಸಮಿತಿ ಒಂದು, ಸಂಬಳ ನೋಡುವ ವಿಭಾಗ ಇನ್ನೊಂದು.

ಎರಡು ದಾರಿ, ಒಂದು ಲೆಕ್ಕ

ನನಗೆ ಹೆಚ್ಚು ಗೌರವ ಇರುವುದು ಸಿಡ್ನಿ ವಿಶ್ವವಿದ್ಯಾಲಯದ ನೀತಿಯ ಮೇಲೆ. 2025ರಿಂದ ಅಲ್ಲಿ ಮೌಲ್ಯಮಾಪನಕ್ಕೆ ಎರಡು ದಾರಿ. ಒಂದು, ಎದುರು ಕೂತು ಮಾಡುವಂಥದ್ದು: ಮೌಖಿಕ, ಮೇಲ್ವಿಚಾರಣೆಯ ಪರೀಕ್ಷೆ, ಪ್ರಾಯೋಗಿಕ. ಇಲ್ಲಿ ಎಐ ಬೇಕೋ ಬೇಡವೋ ಅಂತ ಉಪನ್ಯಾಸಕರು ಹೇಳಬಹುದು, ಹೇಳಿದ್ದನ್ನು ನೋಡಿಕೊಳ್ಳಲೂಬಹುದು. ಇನ್ನೊಂದು, ಮನೆಯಲ್ಲಿ ಮಾಡುವಂಥದ್ದು. ಅಲ್ಲಿ ಎಐಗೆ ಅಡ್ಡಿಯೇ ಇಲ್ಲ, ಬಳಸಿದ್ದನ್ನು ತಿಳಿಸಿದರಾಯಿತು. ಪರೀಕ್ಷಿಸಲಾಗದ ನಿಷೇಧ ಹಾಕಿದರೆ ನಿಯಮ ಪಾಲಿಸಿದ ಮಕ್ಕಳಿಗೇ ನಷ್ಟ ಎನ್ನುವುದನ್ನು ನೇರವಾಗಿ ಒಪ್ಪಿಕೊಂಡ ನೀತಿ ಇದು. ಆಸ್ಟ್ರೇಲಿಯಾದ ಉನ್ನತ ಶಿಕ್ಷಣ ನಿಯಂತ್ರಕ ಸಂಸ್ಥೆ ಟೆಕ್ಸಾ ಕೂಡ 2024ರಲ್ಲಿ ಎಲ್ಲ ಸಂಸ್ಥೆಗಳಿಂದ ಎಐ ಕ್ರಿಯಾಯೋಜನೆ ಕೇಳಿತು. ಮೌಲ್ಯಮಾಪನವನ್ನೇ ಬದಲಿಸಿ ಎನ್ನುವ ಒತ್ತಡ ಮೇಲಿಂದಲೂ ಇದೆ.

ಆದರೆ ಲೆಕ್ಕ ಹಾಕಿ ನೋಡಿ. ಒಂದು ವಿಷಯಕ್ಕೆ 300 ವಿದ್ಯಾರ್ಥಿಗಳು. ತಲಾ ಹದಿನೈದು ನಿಮಿಷದ ಮೌಖಿಕ ಪರೀಕ್ಷೆ ಅಂದರೆ 75 ಗಂಟೆ. ಒಬ್ಬರು ಪರೀಕ್ಷಕರಿಗೆ ಎರಡು ವಾರದ ಪೂರ್ತಿ ಕೆಲಸ, ಅದೂ ಒಂದೇ ವಿಷಯಕ್ಕೆ. ಇಬ್ಬರು ಇರಬೇಕು ಎಂದರೆ 150 ಗಂಟೆ. ಶ್ರೀಮಂತ ದೇಶದಲ್ಲೂ ಇದು ಸಣ್ಣ ಖರ್ಚಲ್ಲ. ಊರಿಗೆ ಬಂದಾಗ ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ ನನ್ನ ಹಳೆಯ ಕ್ಲಾಸ್‌ಮೇಟ್ ಮನೆಗೆ ಹೋದೆ.

ಅತಿಥಿ ಉಪನ್ಯಾಸಕಿಯ ಜಗಲಿ

ಅವಳು ಹಾಸನದ ಕಡೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಾಳೆ. ಅತಿಥಿ ಉಪನ್ಯಾಸಕಿ. ವಾರದಲ್ಲಿ ಕೆಲವು ದಿನ ಬಸ್ ಹತ್ತಿ ಇನ್ನೊಂದು ಖಾಸಗಿ ಕಾಲೇಜಿಗೂ ಹೋಗುತ್ತಾಳೆ. ಜಗಲಿಯ ಮೇಲೆ ಅಸೈನ್‌ಮೆಂಟ್‌ಗಳ ಕಟ್ಟು ಹರಡಿತ್ತು. ಎಲ್ಲವೂ ಕೈಬರಹ, ಎಲ್ಲವೂ ಕನ್ನಡ. ನಾಲ್ಕೈದು ತೆಗೆದು ನೋಡಿದೆ. ಸ್ವಸಹಾಯ ಸಂಘಗಳ ಬಗ್ಗೆ ಒಂದೇ ಥರದ ಪೀಠಿಕೆ, ಒಂದೇ ಥರದ ‘ಮಹಿಳಾ ಸಬಲೀಕರಣದಲ್ಲಿ ಪ್ರಮುಖ ಪಾತ್ರ’. ಫೋನಿನಲ್ಲಿ ಕೇಳಿ, ಬಂದದ್ದನ್ನು ಅಂದವಾಗಿ ಕಾಪಿ ಮಾಡಿದ್ದರು. ಕೈಯಲ್ಲಿ ಬರೆಸಿದರೆ ಎಐ ಕಾಟ ಇರಲ್ಲ ಅನ್ನುವವರು ಈ ಕಟ್ಟನ್ನು ನೋಡಬೇಕು.

ಅವಳು ಅದನ್ನೇನೂ ದೊಡ್ಡ ಅಪರಾಧ ಮಾಡಿರಲಿಲ್ಲ. ಕ್ಲಾಸಿನಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಸಂಘದ ಸಾಲ ಇದೆಯಾ, ಎಷ್ಟು ತಗೊಂಡಿದ್ದು, ವಾರಕ್ಕೆ ಎಷ್ಟು ಕಂತು, ಕಟ್ಟಲು ಆಗದ ವಾರ ಏನು ಮಾಡ್ತೀರಿ ಅಂತ ಕೇಳುತ್ತಾಳಂತೆ. ಕೆಲವರು ತಡಬಡಿಸುತ್ತಾರೆ, ಅಂಥವರು ಮತ್ತೆ ಬರೆಯಬೇಕು. ಒಬ್ಬ ಹುಡುಗ ಅಮ್ಮನ ಕಂತಿನ ಪುಸ್ತಕವನ್ನೇ ತಂದು, ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಿದ್ದನ್ನು ತೋರಿಸಿದನಂತೆ. ಅವನು ಬರೆದುಕೊಟ್ಟ ಅಸೈನ್‌ಮೆಂಟಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಇನ್ನೊಬ್ಬ ಹುಡುಗಿ ಹೇಳಿದ್ದನ್ನು ಅವಳು ಹಾಗೇ ನೆನಪಿಟ್ಟಿದ್ದಳು: ‘ಮೇಡಂ, ಪುಸ್ತಕ ಓದಿದ್ರೆ ಅರ್ಥ ಆಗ್ಲಿಲ್ಲ. ಫೋನಲ್ಲಿ ಮತ್ತೆ ಮತ್ತೆ ಕೇಳ್ದೆ, ಕನ್ನಡದಲ್ಲೇ ಹೇಳ್ತು.’ ಬಡ್ಡಿ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದವಳೂ ಆ ಹುಡುಗಿಯೇ. ಕೇಳಲು ಯಾರೂ ಇಲ್ಲದ ಹೊತ್ತಿನಲ್ಲಿ ಅವಳ ಪಾಲಿಗೆ ಎಐ ಒಬ್ಬ ಟ್ಯೂಷನ್ ಮೇಷ್ಟ್ರಾಗಿತ್ತು. ಇದನ್ನು ನಿಷೇಧಿಸುವ ಮನಸ್ಸು ನನಗಂತೂ ಬರುವುದಿಲ್ಲ.

‘ಹೀಗೆ ಎಲ್ಲರನ್ನೂ ಕೇಳೋಕೆ ಟೈಮ್ ಎಲ್ಲಿ ಸಿಗುತ್ತೆ?’ ಅಂದೆ. ‘ಸಂಜೆ ನಿಲ್ಲಿಸ್ಕೋತೀನಿ. ಕೆಲವರಿಗೆ ಬಸ್ ತಪ್ಪುತ್ತೆ ಅಂತ ಬೇಗ ಬಿಡ್ತೀನಿ. ಇದಕ್ಕೆ ಯಾರೂ ದುಡ್ಡು ಕೊಡಲ್ಲ ಕಣೇ. ನನ್ನ ಲೆಕ್ಕ ಇರೋದು ಪಾಠದ ಗಂಟೆಗೆ.’ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಇವಳಂಥ ಸಾವಿರಾರು ಅತಿಥಿ ಉಪನ್ಯಾಸಕರಿಂದ. ಸೇವೆ ಕಾಯಂ ಮಾಡಿ ಅಂತ 2023ರ ಕೊನೆಯಲ್ಲಿ ಅವರೆಲ್ಲ ತರಗತಿ ಬಿಟ್ಟು ಮುಷ್ಕರ ಹೂಡಿದ್ದು ನೆನಪಿರಬಹುದು. ಸಿಡ್ನಿಯ ಆ ಮೊದಲನೇ ದಾರಿಯನ್ನು ಅವಳು ಯಾವ ನೀತಿಯ ಬೆಂಬಲವೂ ಇಲ್ಲದೇ, ತನ್ನ ಸ್ವಂತ ಸಂಜೆಗಳನ್ನು ಕೊಟ್ಟು ನಡೆಸುತ್ತಿದ್ದಾಳೆ. ಮುಂದಿನ ವರ್ಷ ಅವಳಿಗೆ ಅದೇ ಕಾಲೇಜು ಸಿಗುತ್ತದೆ ಎನ್ನುವ ಖಾತ್ರಿಯೂ ಇಲ್ಲ.

ನಾನು ಕೇಳುವುದು

ನಮ್ಮ ವಿಶ್ವವಿದ್ಯಾಲಯಗಳೂ ಇಂದಲ್ಲ ನಾಳೆ ವಿವರವಾದ ಎಐ ನಿಯಮ ಬರೆಯಲೇಬೇಕು. ಬರೆಯುವವರು ಹೊರಗಿನ ನೀತಿಗಳನ್ನು ಓದಲಿ, ಓದುವಂಥದ್ದು ಬಹಳ ಇದೆ. ಆದರೆ ಬರೀ ಎಐ ಪರ್ಸೆಂಟ್ ನೋಡಿ ಯಾರ ಮೇಲೂ ಕ್ರಮ ಬೇಡ. ಅನುಮಾನ ಬಂದ ವಿದ್ಯಾರ್ಥಿಗೆ ಕನ್ನಡದಲ್ಲಿ ಮಾತಾಡಿ ವಿವರಿಸುವ ಹಕ್ಕು ಇರಲಿ, ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಸರಿ. ‘ಉಪನ್ಯಾಸಕರು ವಿದ್ಯಾರ್ಥಿಯ ಜತೆ ಚರ್ಚಿಸಬೇಕು’ ಅಂತ ಎಲ್ಲೆಲ್ಲಿ ಬರೆಯುತ್ತಾರೋ ಅಲ್ಲೆಲ್ಲ, ಆ ಚರ್ಚೆಯನ್ನು ಕಾರ್ಯಭಾರದಲ್ಲಿ ಸೇರಿಸಲಿ, ಅತಿಥಿ ಉಪನ್ಯಾಸಕರಿಗೆ ಆ ಗಂಟೆಗಳ ಸಂಬಳ ಕೊಡಲಿ. ಇದು ತಾಂತ್ರಿಕ ವಿಷಯವಲ್ಲ, ಎಐ ತಜ್ಞರನ್ನು ಕರೆಸುವ ಅಗತ್ಯವೂ ಇಲ್ಲ. ಹಣಕಾಸು ವಿಭಾಗದವರು ಆ ಸಮಿತಿಯಲ್ಲಿ ಕೂತರೆ ಸಾಕು.

ನನ್ನ ಪ್ರಬಂಧದ ಮುಂದಿನ ಅಧ್ಯಾಯದಲ್ಲಿ ನೀತಿಗಳ ಪಕ್ಕದಲ್ಲೇ ಆಯಾ ಸಂಸ್ಥೆಯ ಕೆಲಸದ ಅವಧಿ, ತಾತ್ಕಾಲಿಕ ಸಿಬ್ಬಂದಿಯ ಒಪ್ಪಂದ, ಸಂಬಳದ ಆದೇಶಗಳನ್ನೂ ಇಟ್ಟು ಓದಬೇಕೆಂದಿದ್ದೇನೆ. ಹೊರದೇಶಗಳ ಕಾಗದಗಳು ಸುಲಭವಾಗಿ ಸಿಗುತ್ತಿವೆ. ನಮ್ಮಲ್ಲಿ ಎಷ್ಟೋ ವಿಷಯ ಕಾಗದದ ಮೇಲೇ ಇರುವುದಿಲ್ಲ. ಇದನ್ನು ಓದುತ್ತಿರುವವರಲ್ಲಿ ಪದವಿ ಕಾಲೇಜಿನಲ್ಲಿ ಪಾಠ ಮಾಡುವವರು ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಒಂದು ಸೆಮಿಸ್ಟರ್‌ಗೆ ನಿಮ್ಮ ಕೈಗೆ ಎಷ್ಟು ಅಸೈನ್‌ಮೆಂಟ್ ಬರುತ್ತವೆ, ಇಂಟರ್ನಲ್ ಅಂಕ ಹೇಗೆ ಕೊಡುತ್ತೀರಿ, ಎಐ ಬಗ್ಗೆ ನಿಮಗೆ ಏನಾದರೂ ಸುತ್ತೋಲೆ ಬಂದಿದೆಯಾ, ವಿದ್ಯಾರ್ಥಿಯ ಜತೆ ಕೂತು ಮಾತಾಡಿದ ಹೊತ್ತನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರಾ. ಕಾಲೇಜಿನ ಹೆಸರು ಬೇಡ, ನಿಮ್ಮ ಹೆಸರೂ ಬೇಡ.